ಇಟ್ಟಿಗೆಯಿಂದ ಅಕ್ಷರಕ್ಕೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ದೂರದ ಬ್ರೆಜಿಲ್ ದೇಶದ ಪಾಠವೊಂದರ ಇತಿಹಾಸವನ್ನು ಆರಿಸಿಕೊಂಡಿದ್ದೇನೆ. ಅದು ನಮಗೂ ಹತ್ತಿರದ್ದೇ.

1963ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದ ಅಂಜಿಕೋಸ್ ಎಂಬ ಸಣ್ಣ ಊರಿನಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ ಓದು ಬರಹ ಕಲಿಸುವ ಪ್ರಯತ್ನ ನಡೆಯಿತು. ಅದರ ಹಿಂದಿದ್ದವರು ಪೌಲೊ ಫ್ರೇರೆ. ಪಾಠದ ಅವಧಿ ಕೇವಲ 40 ಗಂಟೆ. ಆಗ ಆ ದೇಶದಲ್ಲಿ ಓದು ಬಾರದವರಿಗೆ ಮತದಾನದ ಹಕ್ಕಿರಲಿಲ್ಲ. ಹಾಗಾಗಿ ಅಲ್ಲಿ ಅಕ್ಷರವೆಂದರೆ ಮತವೂ ಹೌದು.

ಫ್ರೇರೆ ಪಠ್ಯಪುಸ್ತಕದಿಂದ ಪಾಠ ಶುರು ಮಾಡಲಿಲ್ಲ. ಕಲಿಸುವವರು ಮೊದಲು ಊರಿನವರ ಜೊತೆ ಮಾತನಾಡಿ, ಅವರು ದಿನವೂ ಬಳಸುವ ಪದಗಳನ್ನು ಕಲೆಹಾಕುತ್ತಿದ್ದರು. ಅವುಗಳಲ್ಲಿ ಹದಿನೇಳರಷ್ಟು ಪದಗಳಿದ್ದರೆ ಸಾಕು. ಈ ವಿಧಾನದ ಹೆಸರಾಂತ ಉದಾಹರಣೆ ‘ತಿಜೋಲೊ’, ಅಂದರೆ ಇಟ್ಟಿಗೆ. ಮೊದಲು ಚಿತ್ರ ತೋರಿಸಿ ಚರ್ಚೆ: ಇಟ್ಟಿಗೆ ಹೊರುವವರು ಯಾರು, ಆ ಮನೆಯಲ್ಲಿ ಇರುವವರು ಯಾರು? ಆಮೇಲೆ ಪದವನ್ನು ಬಿಡಿಸಿ ತ-ತೆ-ತಿ-ತೊ-ತು, ಜ-ಜೆ-ಜಿ-ಜೊ-ಜು, ಲ-ಲೆ-ಲಿ-ಲೊ-ಲು ಎಂದು ಸಾಲಾಗಿ ಬರೆಯುತ್ತಿದ್ದರು. ಕಲಿಯುವವರು ತಾವೇ ಜೋಡಿಸಿ ‘ಲೊಜ’ (ಅಂಗಡಿ), ‘ಲುತ’ (ಹೋರಾಟ) ಮುಂತಾದ ಹೊಸ ಪದ ಕಟ್ಟುತ್ತಿದ್ದರು.

ಇದು ನಮ್ಮ ಕಾಗುಣಿತವೇ! ವ್ಯತ್ಯಾಸ ಒಂದೇ. ನಾವು ಕಾಗುಣಿತವನ್ನು ಬಾಯಿಪಾಠ ಮಾಡಿ ಪದಕ್ಕೆ ಹೋದೆವು. ಅವರು ತಮ್ಮ ಬದುಕಿನ ಪದದಿಂದ ಕಾಗುಣಿತಕ್ಕೆ ಬಂದರು.

1964ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಇದೇ ವಿಧಾನವನ್ನು ದೇಶದಾದ್ಯಂತ ಹರಡುವ ಯೋಜನೆ ನಿಂತುಹೋಯಿತು. ಫ್ರೇರೆ ಜೈಲು ಸೇರಿ, ನಂತರ ದೇಶವನ್ನೇ ಬಿಡಬೇಕಾಯಿತು. 1980ರಲ್ಲಿ ಮರಳಿದರು, ಮುಂದೆ ಸಾವೊ ಪೌಲೊ ನಗರದ ಶಿಕ್ಷಣದ ಹೊಣೆ ಹೊತ್ತರು. ಓದು ಬಾರದವರಿಗೆ ಮತದ ಹಕ್ಕು ಸಿಕ್ಕಿದ್ದು 1985ರಲ್ಲಿ.

ನನ್ನ ತರಗತಿಯಲ್ಲಿ ಮನೆಯಲ್ಲಿ ಲಂಬಾಣಿ, ಉರ್ದು ಮಾತನಾಡುವ ಗೆಳೆಯರಿದ್ದರು. ನಮ್ಮ ಕನ್ನಡ ಮೇಷ್ಟ್ರು ಕೂರಿಗೆ, ಕುಂಟೆ, ಮಿಣಿ ಎಂದು ಹೊಲದ ಪದಗಳನ್ನು ನಮ್ಮಿಂದಲೇ ಬೋರ್ಡಿನ ಮೇಲೆ ಬರೆಸುತ್ತಿದ್ದರು. ‘ತಾಯಿ’ಯ ಪಕ್ಕದಲ್ಲಿ ತಾಂಡಾದ ಹುಡುಗಿ ‘ಯಾಡಿ’ ಎಂದು ಬರೆದ ದಿನದಿಂದ ಅವಳು ತರಗತಿಯಲ್ಲಿ ಬಾಯಿಬಿಟ್ಟು ಓದತೊಡಗಿದಳು. ಮೇಷ್ಟ್ರು ಫ್ರೇರೆಯ ಹೆಸರು ಕೇಳಿದ್ದರೋ ಇಲ್ಲವೋ, ದಾರಿ ಮಾತ್ರ ಅದೇ.

ಇಂದು ಕಂಪ್ಯೂಟರು, ಮೊಬೈಲು ಎಲ್ಲ ಶಾಲೆಗೂ ಬರುತ್ತಿವೆ. ಅವುಗಳಿಗೆ ಪಾಠ ಸಿದ್ಧಪಡಿಸುವ ನಮ್ಮಂಥವರೂ, ಕಲಿಸುವ ಗುರುಗಳೂ ಮಗು ಮನೆಯಿಂದ ಯಾವ ಮಾತು ತಂದಿದೆ ಎಂದು ಮೊದಲು ಕೇಳೋಣ.