ಉಚ್ಚವಿದ್ಯೆಯ ಲೆಕ್ಕವೂ ನಮ್ಮ ನಾಲ್ಕು ತಾಲೂಕುಗಳೂ

ಉಚ್ಚವಿದ್ಯೆಯು ಯಾರ ಪಾಲಿಗೆ ಎಷ್ಟು ಬಂದಿತೆಂಬುದನ್ನು ಅಂಕಿಗಳಿಂದ ಅಳೆಯುವ ಪ್ರಯತ್ನಕ್ಕೆ ನಮ್ಮ ನಾಡಿನಲ್ಲಿ ಒಂದು ಇತಿಹಾಸವುಂಟು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಗುವವರೆಗೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ತರುಣರು ಪುಣೆ, ಮುಂಬಯಿಗಳಂತಹ ದೂರದ ಊರುಗಳಿಗೆ ಹೋಗಬೇಕಾಗಿದ್ದಿತು. ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಧಾರವಾಡದ ಈ ಕಾಲೇಜಿನಲ್ಲಿ ಓದಿದವರು. ಹೋದವರ ಕೀರ್ತಿಯನ್ನು ಹೇಳುವುದು ಸುಲಭ. ಹೋಗಲಾರದೆ ಉಳಿದವರೆಷ್ಟು ಮಂದಿಯೆಂದು ತಿಳಿಯಲು ಲೆಕ್ಕವೇ ಬೇಕು.

ಅಂತಹ ಲೆಕ್ಕವನ್ನು 1960ರಲ್ಲಿ ನಿಯಮಿಸಲ್ಪಟ್ಟ ನಾಗನಗೌಡ ಸಮಿತಿಯು ಕೈಕೊಂಡಿತು. ಪ್ರೌಢಶಾಲೆಯ ಕಡೆಯ ಮೂರು ತರಗತಿಗಳಲ್ಲಿ ಓದುವವರು ಆಯಾ ಜಾತಿಯ ಜನಸಂಖ್ಯೆಯಲ್ಲಿ ಸಾವಿರಕ್ಕೆಷ್ಟು ಎಂದು ಎಣಿಸಿದಾಗ ರಾಜ್ಯದ ಸರಾಸರಿಯು 6.9 ಆಯಿತು. ವಿಧಾನವು ಲೀಲಾವತಿಯ ತ್ರೈರಾಶಿಕಕ್ಕಿಂತ ಕಠಿನವಾದುದಲ್ಲ. ಕಠಿನವಾದುದು ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು. ಸರಾಸರಿಯ ಆಸುಪಾಸಿನಲ್ಲಿದ್ದವರನ್ನೂ ಹಿಂದುಳಿದವರಲ್ಲಿ ಸೇರಿಸಿ, 1962ರಲ್ಲಿ ಸರಕಾರವು ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಮೀಸಲಿಟ್ಟಿತು. ಸರಾಸರಿಗಿಂತ ಬಹಳ ಕೆಳಗಿರುವವರನ್ನು ಮಾತ್ರವೇ ಹಾಗೆ ಎಣಿಸತಕ್ಕದ್ದೆಂದು ಹೇಳಿ ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿತು. ಬಳಿಕ ನಮ್ಮ ನೆರೆಯ ರಾಣೆಬೆನ್ನೂರಿನ ಎಲ್. ಜಿ. ಹಾವನೂರರ ಆಯೋಗವು 1975ರ ತನ್ನ ವರದಿಗಾಗಿ ಮನೆಮನೆಯ ಸ್ಥಿತಿಗತಿಗಳನ್ನೂ ವಿಚಾರಿಸಿತು.

ಜಾತಿಯಿಂದ ಸ್ಥಳದ ಕಡೆಗೆ ದೃಷ್ಟಿಯನ್ನು ತಿರುಗಿಸಿದುದು 2002ರ ನಂಜುಂಡಪ್ಪ ಸಮಿತಿ. ಅದು 35 ಸೂಚಕಗಳಿಂದ 175 ತಾಲೂಕುಗಳನ್ನು ತೂಗಿ 114ನ್ನು ಹಿಂದುಳಿದವೆಂದಿತು. ಸರಕಾರಿ ಹಾಗೂ ಅನುದಾನಿತ ಪದವಿ ಕಾಲೇಜುಗಳಲ್ಲಿ ಲಕ್ಷ ಜನಕ್ಕೆ ವಿದ್ಯಾರ್ಥಿಗಳೆಷ್ಟೆಂಬುದೂ ಆ ಸೂಚಕಗಳಲ್ಲಿ ಒಂದು.

ಈಗ ಗಣಕಯಂತ್ರವು ಈ ಕೆಲಸಕ್ಕೆ ಒದಗಿದೆ. 2011ರಲ್ಲಿ ಆರಂಭವಾದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯು ಕಾಲೇಜುಗಳಿಂದಲೇ ಅಂಕಿಗಳನ್ನು ಪಡೆದು, ಸೇರಿದವರ ಸಂಖ್ಯೆಯನ್ನು 18ರಿಂದ 23 ವಯಸ್ಸಿನವರ ಸಂಖ್ಯೆಯಿಂದ ಭಾಗಿಸುತ್ತದೆ. 2021–22ರಲ್ಲಿ ದೇಶದ ಪ್ರಮಾಣವು ನೂರಕ್ಕೆ 28.4. ಆದರೆ ಇಂತಹ ಗಣನೆಯನ್ನು ತಾಲೂಕಿಗೆ ಇಳಿಸಿದರೆ ಒಂದು ತೊಡಕುಂಟು. ಹಾನಗಲ್ಲಿನ ಹುಡುಗಿಯು ಧಾರವಾಡದಲ್ಲಿ ಓದಿದರೆ ಅವಳು ಧಾರವಾಡದ ಲೆಕ್ಕಕ್ಕೆ ಸೇರುವಳು. ಬಸ್ಸಿನ ಅಥವಾ ವಸತಿಯ ಅನುಕೂಲವಿಲ್ಲದೆ ಮನೆಯಲ್ಲಿಯೇ ಉಳಿದ ಅವಳ ತಂಗಿಯು ಯಾವ ಕಾಲೇಜಿನ ಪಟ್ಟಿಯಲ್ಲಿಯೂ ಕಾಣಳು. ಕಾಲೇಜಿರುವ ಊರು ಮುಂದುವರಿದಂತೆಯೂ ಮಕ್ಕಳನ್ನು ಕಳುಹಿಸಿದ ಊರು ಹಿಂದುಳಿದಂತೆಯೂ ತೋರುವುದು.

ಆದುದರಿಂದ ವಿದ್ಯಾರ್ಥಿಯ ಸ್ವಗ್ರಾಮವನ್ನು ಹಿಡಿದು ಎಣಿಸತಕ್ಕದ್ದು. ಪ್ರವೇಶಪತ್ರದಲ್ಲಿ ಬರೆದ ಊರುಗಳನ್ನು ಗ್ರಾಮವಾರಾಗಿ ಕೂಡಿಸಿ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರ ಪಟ್ಟಿಯೊಡನೆ ಹೋಲಿಸುವುದು ಯಂತ್ರಕ್ಕೆ ಅಲ್ಪ ಕಾಲದ ಕೆಲಸ. ಹಾಗೆ ಮಾಡಿದಲ್ಲಿ ನಮ್ಮ ನಾಲ್ಕು ತಾಲೂಕುಗಳ ಯಾವ ಹಳ್ಳಿಯ ಮಕ್ಕಳು ಯಾವ ಮೆಟ್ಟಿಲಿನಲ್ಲಿ ನಿಂತುಹೋದರೆಂಬುದು ತಿಳಿದು, ವಸತಿಗೃಹವು ಎಲ್ಲಿ ಬೇಕು, ಬಸ್ಸು ಎಲ್ಲಿಗೆ ಬೇಕು ಎಂಬುದನ್ನು ಊಹೆಯಿಂದಲ್ಲದೆ ಪ್ರಮಾಣದಿಂದ ನಿರ್ಣಯಿಸಬಹುದು.