ಉಪ್ಪಿಗೆ ಹಾಕಿದ ಬೇಲಿ

ಕರಾವಳಿಯಲ್ಲಿ ಕರಂಡೆ, ಉತ್ತರ ಕರ್ನಾಟಕದಲ್ಲಿ ಕವಳಿ. ಹೆಸರು ಯಾವುದಾದರೇನು, ಹಣ್ಣು ಕಿತ್ತು ತಿಂದವರ ಕೈಗೆ ಅದರ ಮುಳ್ಳಿನ ಪರಿಚಯ ಇದ್ದೇ ಇರುತ್ತದೆ. ವರ್ಷವಿಡೀ ಹಸಿರಾಗಿರುವ ಪೊದೆ. ಕಾಯಿ ಕಿತ್ತರೆ ಅಂಟು ಹಾಲು. ಬೇಲಿಗೆ ಹೇಳಿ ಮಾಡಿಸಿದ ಗಿಡ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸರ್ಕಾರಕ್ಕೂ ಹಾಗೇ ಅನ್ನಿಸಿತು. ಜಾಲಿ, ಎಲಚಿ, ಪಾಪಾಸುಕಳ್ಳಿಗಳ ಜೊತೆಗೆ ಕರಂಡೆಯನ್ನೂ ಸೇರಿಸಿ ಅದು ಉತ್ತರ ಭಾರತಕ್ಕೆ ಅಡ್ಡಲಾಗಿ ಬೇಲಿ ಬೆಳೆಸಿತು. ಕಾಯಬೇಕಿದ್ದದ್ದು ಉಪ್ಪಿನ ಸುಂಕ.

ಬಂಗಾಳ ಪ್ರೆಸಿಡೆನ್ಸಿಯಲ್ಲಿ ಉಪ್ಪಿನ ತೆರಿಗೆ ವಿಪರೀತ. ಪಶ್ಚಿಮದ ಸಂಸ್ಥಾನಗಳ ಉಪ್ಪು, ಅದರಲ್ಲೂ ಸಾಂಭರ್ ಸರೋವರದ್ದು, ಅಗ್ಗ. ಅದು ಸುಂಕ ತಪ್ಪಿಸಿ ನುಸುಳದಂತೆ ಸಿಂಧೂ ನದಿಯ ಕಡೆಯಿಂದ ಮಹಾನದಿಯ ಕಡೆಗೆ ಸುಮಾರು 3,700 ಕಿಲೋಮೀಟರ್ ಉದ್ದದ ಗಡಿ ಎಳೆದು, ಸುಮಾರು 12,000 ಮಂದಿಯನ್ನು ಕಾವಲಿಗೆ ಹಾಕಿದರು.

ಮೊದಲು ಹಾಕಿದ್ದು ಒಣಮುಳ್ಳು. 1867ರಲ್ಲಿ ಈ ಸುಂಕದ ಕಮಿಷನರ್ ಆದ ಅಲನ್ ಆಕ್ಟೇವಿಯನ್ ಹ್ಯೂಮ್ ಲೆಕ್ಕ ಹಾಕಿದರೆ ಮೈಲಿಗೆ 250 ಟನ್ ಮುಳ್ಳು ಬೇಕಿತ್ತು! ಸಾಗಿಸಿ ತಂದು ಪೇರಿಸಿದ್ದನ್ನು ಗೆದ್ದಲು ತಿನ್ನುತ್ತಿತ್ತು, ಬೆಂಕಿ ನುಂಗುತ್ತಿತ್ತು. ಹೀಗಾಗಿ ಜೀವಂತ ಗಿಡವೇ ಸೈ ಎಂದು ಹ್ಯೂಮ್ ಪಟ್ಟು ಹಿಡಿದರು. ಯಾವ ಮಣ್ಣಿಗೆ, ಎಷ್ಟು ಮಳೆಗೆ ಯಾವ ಗಿಡ ಒಗ್ಗುತ್ತದೆಂದು ಪರೀಕ್ಷೆ ನಡೆಯಿತು. ಬರಡು ನೆಲದಲ್ಲಿ ಕಾಲುವೆ ತೋಡಿ ಒಳ್ಳೆಯ ಮಣ್ಣು ತುಂಬಿದರು. ನೆರೆ ನಿಲ್ಲುವ ಕಡೆ ಏರಿ ಕಟ್ಟಿದರು. ನೀರಿಗಾಗಿ ಬಾವಿ ತೆಗೆಸಿದರು. ಬೇಲಿ ಸರಿಯಾಗಿ ಬೆಳೆದ ಕಡೆ 10ರಿಂದ 14 ಅಡಿ ಎತ್ತರ, 6ರಿಂದ 12 ಅಡಿ ದಪ್ಪ. ಆಗಲೂ ಇಲಿ, ಮಿಡತೆ, ಬಿರುಗಾಳಿ, ಹಬ್ಬಿ ಹಿಂಡುವ ಬಳ್ಳಿಗಳ ಕಾಟ ತಪ್ಪಲಿಲ್ಲ. ತೋಟಗಾರಿಕೆಯಾಗಿ ನೋಡಿದರೆ ಭೇಷ್ ಎನ್ನಲೇಬೇಕು; ಬಡವನ ಗಂಜಿಗೆ ಚಿಟಿಕೆ ಉಪ್ಪು ಸಿಗದಂತೆ ಮಾಡಲು ಇಷ್ಟೊಂದು ಕೃಷಿ ಬುದ್ಧಿ ಸುರಿದದ್ದು ಮಾತ್ರ ಸೋಜಿಗ. ಇದೇ ಹ್ಯೂಮ್ ಮುಂದೆ, 1885ರಲ್ಲಿ, ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬರಾದರು.

ಮುಳ್ಳಿಗೆ ಜನ ಮಣಿಯಲಿಲ್ಲ. ಬೇಲಿಯಾಚೆಯಿಂದ ಈಚೆಗೆ ಉಪ್ಪಿನ ಮೂಟೆ ಎಸೆಯುವುದು, ಸಂದು ಮಾಡಿಕೊಂಡು ನುಗ್ಗುವುದು ನಡೆದೇ ಇತ್ತು.

ಕೊನೆಗೆ ಬೇಲಿಯನ್ನು ಮುಗಿಸಿದ್ದು ಸರ್ಕಾರದ್ದೇ ಲೆಕ್ಕಾಚಾರ. 1870ರಲ್ಲಿ ಸಾಂಭರ್ ಸರೋವರ ಗುತ್ತಿಗೆಗೆ ಸಿಕ್ಕಿತು. ಉಪ್ಪು ತಯಾರಾಗುವಲ್ಲೇ ತೆರಿಗೆ ವಸೂಲಿಯಾದರೆ ನಡುದಾರಿಯ ಕಾವಲು ಯಾರಿಗೆ ಬೇಕು? ಪ್ರಾಂತ್ಯಗಳ ನಡುವಿನ ತೆರಿಗೆ ಅಂತರವನ್ನೂ ತಗ್ಗಿಸಿದರು. 1879ರ ಏಪ್ರಿಲ್ 1ರಂದು ಗಡಿಯ ಬಹುಭಾಗವನ್ನು ಕೈಬಿಟ್ಟರು. ತೆರಿಗೆ ಮಾತ್ರ ಉಳಿಯಿತು.

ಬೇಲಿ ಎಷ್ಟು ಬೇಗ ಮರೆತುಹೋಯಿತೆಂದರೆ, ಲಂಡನ್ನಿನ ರಾಯ್ ಮಾಕ್ಸಮ್ ಹಳೆಯ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಅದರ ಸುಳಿವು ಹಿಡಿದು ಹಲವು ಸಲ ಭಾರತಕ್ಕೆ ಬಂದು ಅಲೆಯಬೇಕಾಯಿತು. 1998ರಲ್ಲಿ ಚಂಬಲ್ ಸೀಮೆಯ ಇಟಾವಾ ಜಿಲ್ಲೆಯಲ್ಲಿ, ಮುಳ್ಳುಪೊದೆ ಹೊತ್ತ ಒಂದು ಏರಿ ಅವರ ಕಣ್ಣಿಗೆ ಬಿತ್ತು. 1857ರ ದಂಗೆಯ ಹೊತ್ತಿಗೆ ಆ ಜಿಲ್ಲೆಯ ಆಡಳಿತ ಇದ್ದದ್ದು ಹ್ಯೂಮ್ ಕೈಯಲ್ಲಿ.