ಠಾಣೆಯ ರಿಜಿಸ್ಟರು, ಮದುವೆಯ ರಿಜಿಸ್ಟರು

ಪ್ರತಿ ಫೆಬ್ರವರಿಯಲ್ಲಿ ಸೇವಾಲಾಲರ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹಲವು ರಾಜ್ಯಗಳ ತಾಂಡಾದ ಜನ ಬರುತ್ತಾರೆ. ಗುರು ಒಬ್ಬ, ಮಾತು ಒಂದೇ. ಮದುವೆಯ ಕಾಯಿದೆ ಮಾತ್ರ ಬೇರೆ. ಕರ್ನಾಟಕದ ಲಂಬಾಣಿ ಪರಿಶಿಷ್ಟ ಜಾತಿ. ಅವನಿಗೆ 1955ರ ಹಿಂದೂ ವಿವಾಹ ಕಾಯಿದೆ. ತೆಲಂಗಾಣದ ಲಂಬಾಡ ಪರಿಶಿಷ್ಟ ಪಂಗಡ. ಅದೇ ಕಾಯಿದೆಯ 2(2)ನೇ ಕಲಮಿನಂತೆ, ಕೇಂದ್ರ ಅಧಿಸೂಚನೆ ಹೊರಡಿಸದ ಹೊರತು ಪಂಗಡಗಳಿಗೆ ಅದು ಅನ್ವಯವಿಲ್ಲ. ಒಂದೇ ಬಳಗ, ಗಡಿಕಲ್ಲು ದಾಟಿದರೆ ಬೇರೆ ಕಾನೂನು! ಮದುವೆ ಬ್ರಹ್ಮಗಂಟು ಅನ್ನೋರು ಇದಕ್ಕೇನಂತಾರೆ ಸ್ವಾಮಿ?

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಲು ಹಕ್ಕು ಕೇಳಿದಾಗಲೂ ಎದ್ದದ್ದು ಇದೇ ಬ್ರಹ್ಮಗಂಟಿನ ಕೂಗು. ‘ನಮ್ಮ ಸಂಸ್ಕೃತಿ’ಯಂತೆ. ಇಂಥ ಸಂಬಂಧವನ್ನು ಅಪರಾಧ ಮಾಡಿದ 377ನೇ ಕಲಂ ಬರೆದವರು ಬ್ರಿಟಿಷರು, 1860ರಲ್ಲಿ. ಹನ್ನೊಂದು ವರ್ಷ ಕಳೆದು, 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂತು. ಅದರ ಒಂದು ಭಾಗ ಬುಡಕಟ್ಟುಗಳಿಗೆ, ಇನ್ನೊಂದು ‘ನಪುಂಸಕರು’ ಎಂದು ಕರೆದ ಹಿಜ್ರಾಗಳಿಗೆ. ಇಬ್ಬರಿಗೂ ಒಂದೇ ಶಿಕ್ಷೆ: ಹೆಸರು ಬರೆಸು, ಪೊಲೀಸರ ಕಣ್ಣಡಿಯಲ್ಲಿ ಬಾಳು. ಎತ್ತಿನ ಮೇಲೆ ಉಪ್ಪು ದವಸ ಹೇರಿಕೊಂಡು ಊರೂರು ತಿರುಗಿದ ಬಂಜಾರರು ರೈಲು ಬಂದು ಕಸುಬು ಕಳಕೊಂಡರು. ಮುಂದೆ ಹಲವು ಕಡೆ ಅವರ ಹೆಸರೂ ಈ ಪಟ್ಟಿಗೆ ಬಿತ್ತು. ಬುಡಕಟ್ಟಿನ ಪಟ್ಟಿ ರದ್ದಾದದ್ದು 1952ರಲ್ಲಿ. ಇನ್ನೊಂದು ಪಟ್ಟಿಯ ಭೂತ ಬಿಡಲಿಲ್ಲ. 2011ರಲ್ಲಿ ನಮ್ಮದೇ ವಿಧಾನಮಂಡಲ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಸೇರಿಸಿ, ಸಂಶಯ ಬಂದ ಹಿಜ್ರಾಗಳ ಹೆಸರು-ವಿಳಾಸದ ರಿಜಿಸ್ಟರು ಇಡಬಹುದು ಅಂದಿತು. ಹಳೇ ಬೈಗುಳದ ಪದವೇ ಅಲ್ಲೂ ಇತ್ತು! ಜಗಳ ಹೈಕೋರ್ಟು ಮುಟ್ಟಿದ ಮೇಲೆ ಆ ಪದ ತೆಗೆದರು.

377ರ ಹಲ್ಲು ಮುರಿದದ್ದು 2018ರ ಸೆಪ್ಟೆಂಬರ್ 6ರಂದು. ಆಮೇಲೆ ಮದುವೆಯ ಕೇಸು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರೂ, ಮದುವೆ ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯಿದೆಯನ್ನು ನಾವು ತಿದ್ದಲಾರೆವು ಅಂದರು. ಮದುವೆ ಅನ್ನದಿದ್ದರೂ ಜೋಡಿಬಾಳಿಗೆ ಮಾನ್ಯತೆ ಇರಲಿ ಎಂದವರು ಇಬ್ಬರು, ಮೂವರು ಒಪ್ಪಲಿಲ್ಲ. ಕಾಯಿದೆ ಮಾಡೋದು ಶಾಸನಸಭೆಯ ಕೆಲಸ ಎಂದಾಯಿತು.

ಯಾವ ಶಾಸನಸಭೆ? ದಿಲ್ಲಿಯದೊಂದೇ ಅಲ್ಲ. ಸಂವಿಧಾನದ ಏಳನೇ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿ ಐದನೆಯ ವಿಷಯವೇ ಮದುವೆ, ವಿಚ್ಛೇದನ. ರಾಜ್ಯವೂ ಕಾಯಿದೆ ಮಾಡಬಹುದು. ಕೇಂದ್ರದ್ದಕ್ಕೆ ಅಡ್ಡ ಬಂದರೆ 254(2)ರಂತೆ ರಾಷ್ಟ್ರಪತಿಯ ಒಪ್ಪಿಗೆ ಬೇಕು. ಇದು ಬರೀ ಪುಸ್ತಕದ ಮಾತಲ್ಲ. ಪೆರಿಯಾರ್ ನಡೆಸಿದ, ಪುರೋಹಿತರಿಲ್ಲದ ಸ್ವಾಭಿಮಾನದ ಮದುವೆಗಳು ಮದುವೆಯೇ ಅಲ್ಲ ಅಂತ ಮದ್ರಾಸಿನ ಹೈಕೋರ್ಟು ಹೇಳಿತ್ತು. ಅಣ್ಣಾದೊರೈ ಸರ್ಕಾರ ಸುಮ್ಮನಿರಲಿಲ್ಲ. 1967ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಗೇ 7ಎ ಸೇರಿಸಿತು. ಬಂಧುಬಳಗದ ಮುಂದೆ ಹಾರ ಬದಲಾಯಿಸಿದರೂ ಸಾಕು, ಉಂಗುರ ತೊಡಿಸಿದರೂ ಸಾಕು. ಹಿಂದೆ ಹಾಗೆ ಆಗಿದ್ದ ಮದುವೆಗಳೂ ಊರ್ಜಿತವಾದವು. ಮಂತ್ರ, ಹೋಮ, ಸಪ್ತಪದಿ ಬಿಟ್ಟರೂ ತಮಿಳರ ಸಂಸ್ಕೃತಿ ಏನೂ ಮುಳುಗಲಿಲ್ಲ.

2024ರಲ್ಲಿ ಕೇಂದ್ರ ಸರ್ಕಾರ, ರೇಷನ್ ಕಾರ್ಡಿಗೆ ಇಂಥ ಜೋಡಿಯನ್ನು ಒಂದೇ ಮನೆಯವರೆಂದು ಎಣಿಸಿ ಅಂತ ರಾಜ್ಯಗಳಿಗೆ ಬರೆಯಿತು. ಅಕ್ಕಿ ಅಳೆಯುವಾಗ ಒಂದು ಮನೆ. ಮದುವೆ ನೋಂದಣಿ ಕಚೇರಿಗೆ ಹೋದರೆ ಯಾರಿಗೆ ಯಾರೋ. ಠಾಣೆಯ ರಿಜಿಸ್ಟರಿಗೆ 36ಎ ಬರೆದ ವಿಧಾನಸೌಧ ಈ ರಿಜಿಸ್ಟರಿನಲ್ಲಿ ಅವರಿಗೊಂದು ಸಾಲನ್ನು ಇನ್ನೂ ಬರೆದಿಲ್ಲ.